ಏಳನೆಯ ಹರಳು

ಫೆಬ್ರವರಿ 11

ಬುಗುರಿ,

ಏಳು ಹರಳು ಕಳಿಸಿದ್ದೇನೆ. ಮೊದಲು ಕೈ ತೊಳೆದುಕೊಂಡು ಬಾ, ಆಮೇಲೆ ಈ ಕಾಗದ ಓದು, ಕಡೆಗೆ ಪೊಟ್ಟಣ ಬಿಚ್ಚು. ನಿನ್ನ ಅಭ್ಯಾಸ ನನಗೆ ಗೊತ್ತಿಲ್ಲವೇ? ಮೊದಲು ಬಿಚ್ಚಿ, ಆಮೇಲೆ ನೆಲದ ಮೇಲೆ ಮಂಡಿಯೂರಿ ಹುಡುಕಿ, ಎಲ್ಲ ಮುಗಿದ ಮೇಲೆ ಕಾಗದ ಓದುವ ಆಸಾಮಿ ನೀನು.

ಹರಳು ಹೊರಟರೆ ಜೊತೆಗೊಂದು ಕಾಗದ ಇರಲೇಬೇಕು ಅನ್ನುವುದು ನಮ್ಮಿಬ್ಬರ ಕರಾರು. ಅದು ಒಳ್ಳೆಯದೇ ಆಯಿತು. ಫೋನಿನಲ್ಲಿ ಮೂರನೇ ನಿಮಿಷಕ್ಕೆ ಜಗಳ ಹತ್ತಿಕೊಳ್ಳುತ್ತದೆ, ಅಮ್ಮ ಬಂದು ಫೋನ್ ಕಿತ್ತುಕೊಳ್ಳುತ್ತಾಳೆ. ಕಾಗದದಲ್ಲಾದರೆ ನಾನು ಪೂರ್ತಿ ಬೈದು ಮುಗಿಸಬಹುದು.

ನಮ್ಮ ಸಂಸ್ಥೆಯ ಹೊಸ ನಿರ್ದೇಶಕರು ಹೋದ ವಾರ ನನ್ನ ಕೋಣೆಗೆ ಬಂದಿದ್ದರು. ಬಾಗಿಲಲ್ಲೇ ನಿಂತು, "ಏನ್ ಮಾಡ್ತೀರಮ್ಮ ಇಲ್ಲಿ?" ಅಂದರು. ಹರಳು ಬೆಳೆಸುತ್ತೇನೆ ಅಂದೆ. ಪುಡಿಗಳನ್ನು ತವರದ ಜೊತೆ ಗಾಜಿನ ಕೊಳವೆಯಲ್ಲಿ ಮುಚ್ಚಿ ಕುಲುಮೆಗೆ ಇಡುತ್ತೇನೆ, ತವರ ಕರಗಿ ಮಿಕ್ಕಿದ್ದನ್ನೆಲ್ಲ ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಗಂಟೆಗೆ ಎರಡೇ ಡಿಗ್ರಿಯಂತೆ ಹದಿನೈದು ದಿನ ತಣಿಸಿದರೆ ಆ ದ್ರವದೊಳಗೆ ಹರಳು ಕಟ್ಟುತ್ತದೆ, ಬಿಸಿಯಾಗಿರುವಾಗಲೇ ಕೊಳವೆಯನ್ನು ತಲೆಕೆಳಗು ಮಾಡಿ ಗಿರ್ರನೆ ತಿರುಗಿಸಿದರೆ ತವರ ಆಚೆ ಹೋಗಿ ಹರಳು ಉಳಿಯುತ್ತದೆ ಎಂದೆಲ್ಲ ಹೇಳಿದೆ. ಪಾಪ, ಕೇಳಿಸಿಕೊಂಡರು. ಕಡೆಗೆ, "ಎಷ್ಟು ವರ್ಷದಿಂದ?" ಅಂದರು. ಹನ್ನೊಂದು ಅಂದೆ. "ಅಲೆ ಬಂದಿದೆಯಾ?" ಅಂದರು. ಕಾಂತದೊಳಗಿಟ್ಟು ಅಳೆದಾಗ ಬರಬೇಕಾದ ಆ ಅಲೆ ಇನ್ನೂ ಬಂದಿಲ್ಲ ಅಂದೆ.

ವಿಷಯ ಇಷ್ಟು. ಏಪ್ರಿಲ್ ಇಪ್ಪತ್ತಕ್ಕೆ ಸಮಿತಿ ಕೂರುತ್ತದೆ. ನನ್ನ ಕುಲುಮೆ ಇರಬೇಕೋ ಬೇಡವೋ ಎಂದು ಅವತ್ತು ತೀರ್ಮಾನ. ನೀನು ಹರಳು ಅಳೆಯುವ ಆ ದೊಡ್ಡ ಕಾಂತದ ಮನೆಯಿಂದ ಬರುವ ವರದಿ ನೋಡಿಯೇ ಹೇಳುತ್ತಾರಂತೆ. ಅಂದರೆ ನನ್ನ ಜುಟ್ಟು ನಿನ್ನ ಕೈಯಲ್ಲಿದೆ. ಚಿಕ್ಕವನಿದ್ದಾಗ ನಿಜವಾಗಿಯೂ ಹಿಡಿದು ಎಳೆಯುತ್ತಿದ್ದೆ, ಈಗ ಹಾಗೆಲ್ಲ ಮಾಡಬೇಡ.

ಏಳರಲ್ಲಿ ಒಬ್ಬಳು ಸುಂದರಿ ಇದ್ದಾಳೆ. ಕಿರುಬೆರಳಿನ ಉಗುರಿನಷ್ಟು ಅಗಲ, ಮೇಲ್ಮೈಯಲ್ಲಿ ಮೂರು ಮೆಟ್ಟಿಲು, ಎಡಗಡೆ ಮೂಲೆ ನನ್ನ ಚಿಮಟ ಜಾರಿ ಮುರಿದಿದೆ. ಮಿಕ್ಕ ಆರೂ ಎಳ್ಳುಕಾಳಿನಷ್ಟು, ನೋಡಲು ಪೆಚ್ಚು ಪೆಚ್ಚು. ರೂಪ ನೋಡಿ ಮರುಳಾಗಬೇಡ. ಒಂದೊಂದನ್ನೂ ಬೇರೆ ಬೇರೆ ಬೆಣ್ಣೆ ಕಾಗದದ ಮಡಿಕೆಯಲ್ಲಿಟ್ಟಿದ್ದೇನೆ, ಅದರದರ ಪೂರ್ವೋತ್ತರ ಮಡಿಕೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಓದದೆ ಯಾವುದನ್ನೂ ಮುಟ್ಟಬೇಡ.

ಅಮ್ಮ ನಿನ್ನ ಕೆಲಸ ಏನು ಅಂತ ಮತ್ತೆ ಕೇಳಿದಳು. ನಾನು ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅರ್ಧ ಅಷ್ಟೆ. ನೀನೇ ಬರೆ.

ಅಕ್ಕ


ಫೆಬ್ರವರಿ 24

ಅಕ್ಕಾ,

ಕೈ ತೊಳೆದೆ, ಎರಡು ಸಲ. ನೆಲಕ್ಕೆ ಬಿದ್ದದ್ದು ಒಂದೇ ಒಂದು, ಅದೂ ಸಿಕ್ಕಿತು. ಬೈಗುಳವನ್ನೆಲ್ಲ ಜೋಪಾನವಾಗಿ ಸ್ವೀಕರಿಸಿದ್ದೇನೆ.

ಅಮ್ಮನಿಗೆ ಹೀಗೆ ಹೇಳು. ಬಲವಾದ ಕಾಂತದೊಳಗೆ ಎಲೆಕ್ಟ್ರಾನು ನೆಟ್ಟಗೆ ಓಡಲಾರದು, ಸುತ್ತು ಹೊಡೆಯುತ್ತದೆ. ನಾನು ಚಿಕ್ಕವನಿದ್ದಾಗ ನಡುಮನೆಯಲ್ಲಿ ತಲೆ ತಿರುಗಿ ಬೀಳುವವರೆಗೂ ಸುತ್ತುತ್ತಿದ್ದೆನಲ್ಲ, ಅದಕ್ಕೇ ತಾನೇ ಬುಗುರಿ ಅಂತ ಹೆಸರಿಟ್ಟದ್ದು, ಹಾಗೇ. ಕೂದಲೆಳೆಯಷ್ಟು ತೆಳ್ಳಗಿನ ಒಂದು ಪಟ್ಟಿಯ ತುದಿಗೆ ಹರಳನ್ನು ಅಂಟಿಸಿ, ಚೆನ್ನಾಗಿ ತಣಿಸಿ, ಕಾಂತದ ಬಲ ಏರಿಸುತ್ತಾ ಹೋಗುತ್ತೇನೆ. ಆ ಪಟ್ಟಿ ಒಮ್ಮೆ ಬಾಗುತ್ತದೆ, ಒಮ್ಮೆ ಏಳುತ್ತದೆ, ಒಂದು ಲಯದಲ್ಲಿ. ಅದೇ ಅಲೆ. ಅಲೆಗಳ ಅಂತರ ನೋಡಿದರೆ ಎಲೆಕ್ಟ್ರಾನು ಎಷ್ಟು ದೊಡ್ಡ ಸುತ್ತು ಹಾಕುತ್ತಿದೆ ಎಂದು ಹೇಳಬಹುದು. ಒಂದೊಂದು ಲೋಹಕ್ಕೂ ತನ್ನದೇ ಲಯ, ಇನ್ನೊಂದರ ಹಾಗಿರುವುದಿಲ್ಲ. ಆದರೆ ಒಂದು ಸುತ್ತು ಪೂರ್ತಿಯಾಗಬೇಕಾದರೆ ದಾರಿಯಲ್ಲಿ ಕಸ ಕಡ್ಡಿ ಇರಕೂಡದು. ಎಡವಿದರೆ ಮುಗಿಯಿತು. ಅಂದರೆ ಅಲೆ ಬಂತು ಅಂದರೆ ಹರಳು ಶುದ್ಧ ಅನ್ನುವುದಕ್ಕೆ ಅದೇ ಸಾಕ್ಷಿ, ಬೇರೆ ಯಾರ ಸರ್ಟಿಫಿಕೇಟೂ ಬೇಡ.

ಇದಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತೇವೆ ಅಂದರೆ, ನಿನ್ನ ಹರಳು ಹಳೆಯ ಪಾಠದ ಪ್ರಕಾರ ಅತಿವಾಹಕ ಆಗಲೇಬಾರದು. ಆದರೂ ಪರಮ ಶೂನ್ಯದಿಂದ, ಅಂದರೆ ಇನ್ನು ತಣಿಸಲಾಗದ ಮಟ್ಟದಿಂದ, ಲೆಕ್ಕ ಹಾಕಿ ಎರಡು ಡಿಗ್ರಿಗಿಂತ ಕೆಳಗಿಳಿಸಿದರೆ ಕರೆಂಟು ತಡೆಯೇ ಇಲ್ಲದೆ ಹರಿಯುತ್ತದೆ. ಒಂದನ್ನೊಂದು ಕಂಡರೆ ಆಗದ ಎಲೆಕ್ಟ್ರಾನುಗಳು ಅಲ್ಲಿ ಯಾಕೆ ಜೋಡಿಯಾಗುತ್ತವೆ ಅಂತ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಜೋಡಿಯನ್ನು ಕಾಂತದಿಂದ ಬಿಡಿಸಿ, ಒಂಟಿಯಾಗಿ ಹೇಗೆ ಸುತ್ತುತ್ತವೆ ನೋಡಿದರೆ ಗುಟ್ಟು ಸಿಕ್ಕೀತು. ಇದುವರೆಗೆ ಯಾರೂ ನೋಡಿಲ್ಲ, ಅಷ್ಟು ಶುದ್ಧವಾದ ಹರಳೇ ಯಾರ ಹತ್ತಿರವೂ ಇಲ್ಲ.

ನಮ್ಮ ಮುಖ್ಯಸ್ಥರು, ಇಲ್ಲಿ ಎಲ್ಲರೂ ದೊಡ್ಡವರು ಅಂತಲೇ ಕರೆಯುವುದು, ಹೋದ ವರ್ಷ ಅಲಮಾರಿಯಷ್ಟು ಎತ್ತರದ ಹೊಸ ಕುಲುಮೆ ತರಿಸಿದರು. ಅದರಿಂದ ಈವರೆಗೆ ಬಂದಿರುವುದು ಬರೀ ಮಸಿ. ಅದರ ಮಾತೆತ್ತಿದರೆ ಅವರ ಮುಖ ಗಂಟಿಕ್ಕುತ್ತದೆ. ನನ್ನ ಕೆಲಸ ಕಾಯಂ ಮಾಡುವ ವಿಷಯವೂ ಈ ವರ್ಷವೇ ಅವರ ಮುಂದಿದೆ, ಆದ್ದರಿಂದ ನಾವೆಲ್ಲ ಮೆತ್ತಗೆ ಓಡಾಡುತ್ತಿದ್ದೇವೆ.

ಹರಳುಗಳನ್ನು ನಂಬರ್ ಹಾಕಿದ ಡಬ್ಬಿಗಳಿಗೆ ಹಾಕಿದೆ, ಇಲ್ಲಿಯ ಕಾಂತದ ಕೋಣೆಗೆ ಕಾಗದ ಒಯ್ಯುವ ಹಾಗಿಲ್ಲ. ನಿನ್ನ ಮಡಿಕೆಗಳು ನನ್ನ ಡ್ರಾಯರಿನಲ್ಲಿವೆ, ಸಾವಕಾಶವಾಗಿ ಓದುತ್ತೇನೆ. ಸುಂದರಿ ನಿಜಕ್ಕೂ ಸುಂದರಿ ಕಣೆ ಅಕ್ಕಾ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

ನಿನ್ನ ಬುಗುರಿ


ಮಾರ್ಚ್ 30

ಬುಗುರಿ,

ಬದುಕಿದ್ದೀಯಾ? ನಿಮ್ಮ ಕಾಂತ ನಿನ್ನನ್ನೇ ಎಳೆದು ಗೋಡೆಗೆ ಅಂಟಿಸಿಕೊಂಡಿತಾ?

ಸಮಿತಿಗೆ ಇನ್ನು ಮೂರೇ ವಾರ. ನಿರ್ದೇಶಕರು ಮೆಟ್ಟಿಲಲ್ಲಿ ಸಿಕ್ಕರೆ, "ವರದಿ?" ಅಂತ ಒಂದೇ ಶಬ್ದದಲ್ಲಿ ಕೇಳುತ್ತಾರೆ, ನಾನು "ಬರತ್ತೆ ಸರ್" ಅಂತ ಎರಡು ಶಬ್ದದಲ್ಲಿ ಹೇಳುತ್ತೇನೆ. ನನಗೆ ಭಯ ಇಲ್ಲ ಅಂತ ತಿಳಿದುಕೊಳ್ಳಬೇಡ. ಇದೆ. ಆದರೆ ಆ ಆರು ಪೆಚ್ಚುಮೋರೆಗಳ ಮೇಲೆ ನನಗೆ ನಂಬಿಕೆ ಇದೆ. ಕೊಳವೆ ಒಡೆದ ದಿನವೇ ಗೊತ್ತಾಗಿತ್ತು. ಆ ಹರಳುಗಳ ಮುರಿದ ಅಂಚು ಬೆಳಕಿಗೆ ಹಿಡಿದರೆ ಕನ್ನಡಿಯ ಹಾಗೆ ಇತ್ತು. ಹನ್ನೊಂದು ವರ್ಷದಲ್ಲಿ ಹಾಗೆ ಕಂಡದ್ದು ಅದೇ ಮೊದಲು.

ನಿನ್ನ ಪತ್ರ ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿ, "ಸುತ್ತಿದ್ದು ಸಾಕು, ಒಂದ್ಸಲ ಮನೆಗೆ ಬಂದು ಹೋಗು ಅಂತ ಬರಿ" ಅಂದಳು. ಬರೆದಿದ್ದೇನೆ.

ಅಕ್ಕ


ಏಪ್ರಿಲ್ 9

ಪ್ರೀತಿಯ ಅಕ್ಕನಿಗೆ,

ಈ ಪತ್ರ ಬರೆಯಲು ನನಗೆ ಬಹಳ ಬೇಸರವಾಗುತ್ತಿದೆ. ನೀನು ಕಳಿಸಿದ ಏಳೂ ಹರಳುಗಳನ್ನು ಕ್ರಮವಾಗಿ ಪರೀಕ್ಷಿಸಲಾಯಿತು. ಯಾವುದರಲ್ಲಿಯೂ ಅಲೆ ಕಂಡುಬರಲಿಲ್ಲ. ಹರಳುಗಳಲ್ಲಿ ಕಲ್ಮಶದ ಪ್ರಮಾಣ ಹೆಚ್ಚಾಗಿರಬಹುದು ಎಂಬುದು ನಮ್ಮ ಅಭಿಪ್ರಾಯ. ಸಮಿತಿಗೆ ಬೇಕಾದ ವರದಿಯನ್ನು ಇದರ ಜೊತೆ ಲಗತ್ತಿಸಿದ್ದೇನೆ.

ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ನಿಮ್ಮ ಕುಲುಮೆ ಹಳೆಯದು. ಅಷ್ಟು ಹಳೆಯ ಸಲಕರಣೆಯಲ್ಲಿ ನೀನು ಇಷ್ಟು ಮಾಡಿದ್ದೇ ದೊಡ್ಡದು ಎಂದು ಇಲ್ಲಿ ಎಲ್ಲರಿಗೂ ಹೇಳುತ್ತಿರುತ್ತೇನೆ. ಆರೋಗ್ಯ ನೋಡಿಕೊ. ಅಮ್ಮನಿಗೆ ಈ ವಿಷಯವೆಲ್ಲ ಹೇಳಿ ಸುಮ್ಮನೆ ನೋಯಿಸಬೇಡ.

ನಿನ್ನ ತಮ್ಮ


ಏಪ್ರಿಲ್ 27

ಬುಗುರಿ,

ನಿನ್ನ ವರದಿಯನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿದರು. ಒಂದೂವರೆ ನಿಮಿಷ ಹಿಡಿಯಿತು. ನಿರ್ದೇಶಕರು ನನ್ನ ಕಡೆ ನೋಡಲಿಲ್ಲ. ಆ ಮಟ್ಟಿಗೆ ಮರ್ಯಾದೆಯ ಮನುಷ್ಯ.

ನಿನ್ನೆ ಕುಲುಮೆ ಬಿಚ್ಚಿದರು. ಇಬ್ಬರು ಬಂದು ಒಳಗಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಜೋಡಿಸಿದರು. ಅದರಲ್ಲಿ ಎರಡು ನಾನು ಕಡೆದು ಕೂರಿಸಿದ್ದು. ಅದನ್ನು ಮಾತ್ರ ಕೇಳಿ ತೆಗೆದುಕೊಂಡೆ. "ಇದನ್ನ ಏನ್ ಮಾಡ್ತೀರ ಮೇಡಂ?" ಅಂದರು. ಬಾಗಿಲಿಗೆ ಒತ್ತು ಕೊಡ್ತೀನಿ ಅಂದೆ. ಸೋಮವಾರದಿಂದ ನನಗೆ ಉಗ್ರಾಣದಲ್ಲಿ ಕೆಲಸ, ಗಾಜಿನ ಸಾಮಾನು ಜೋಡಿಸುವುದು.

ನೀನು ನನ್ನ ತಪ್ಪಲ್ಲ ಅಂದೆ. ಮತ್ತೆ ಯಾರ ತಪ್ಪು? ನಾನು ದಿನವೂ ಅದನ್ನೇ ಹುಡುಕುತ್ತಿದ್ದೇನೆ. ಕೊಳವೆ ತೊಳೆದ ನೀರು ಸರಿ ಇರಲಿಲ್ಲವಾ? ಪುಡಿ ಅರೆದ ಒರಳಿನಲ್ಲಿ ಹಿಂದಿನದರ ಚೂರು ಉಳಿದಿತ್ತಾ? ಏಳನೇ ದಿನ ಹತ್ತು ನಿಮಿಷ ಕರೆಂಟು ಹೋಗಿತ್ತು, ಅದೇ ಇರಬಹುದಾ? ನೋಟ್‌ಬುಕ್ಕಿನ ಹಾಳೆ ತಿರುಗಿಸಿ ತಿರುಗಿಸಿ ಅಂಚು ಹರಿದಿದೆ. ಕನ್ನಡಿಯ ಹಾಗೆ ಹೊಳೆದದ್ದನ್ನು ಈ ಕಣ್ಣಿನಿಂದಲೇ ನೋಡಿದ್ದೆನಲ್ಲ, ಈಗ ಕಣ್ಣಿನ ಮೇಲೂ ನಂಬಿಕೆ ಹೋಗಿದೆ.

ಒಂದು ಸಣ್ಣ ವಿಷಯ. ವರದಿಯಲ್ಲಿ ಏಳೂ ಅಳೆದೆವು ಅಂತಿದೆ. ಏಳನೆಯದನ್ನು ಯಾಕೆ ಅಳೆಯಲು ಹೋದೆ ಅಂತ ಒಂದು ಕ್ಷಣ ಅನ್ನಿಸಿತು. ಸುಮ್ಮನೆ ಎಲ್ಲ ಸೇರಿಸಿ ಬರೆದಿರುತ್ತೀಯ, ಬಿಡು.

ಹರಳುಗಳನ್ನು ವಾಪಸು ಕಳಿಸು. ಸಾಣೆ ಹಿಡಿಸಿ ಒಳಗೆ ಏನು ಹೊಕ್ಕಿದೆ ನೋಡುತ್ತೇನೆ. ಕುಲುಮೆ ಹೋದರೆ ಹೋಗಲಿ, ಎಲ್ಲಿ ಎಡವಿದೆ ಅಂತಾದರೂ ಗೊತ್ತಾಗಲಿ. ಅಮ್ಮನಿಗೆ ನನಗೆ ಬಡ್ತಿ ಬಂತು ಅಂತ ಹೇಳಿದ್ದೇನೆ.

ಅಕ್ಕ


ಜೂನ್ 2

ಅಕ್ಕ,

ತಡವಾಯಿತು, ಕ್ಷಮಿಸು. ವಿಪರೀತ ಕೆಲಸ. ಹರಳುಗಳು ಅಂಟು, ತಂತಿ ಎಲ್ಲ ಹತ್ತಿ ಹಾಳಾಗಿದ್ದವು, ಎಸೆದುಬಿಟ್ಟೆವು. ವಾಪಸು ಕಳಿಸಲು ಏನೂ ಉಳಿದಿಲ್ಲ. ಇದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡ. ಉಗ್ರಾಣವೂ ಒಂದು ರೀತಿ ನೆಮ್ಮದಿಯೇ ಅಲ್ಲವಾ, ಬೆಂಕಿ ಇಲ್ಲ, ಹೊಗೆ ಇಲ್ಲ.

ಕಾಯಂ ಆಗುವ ವಿಷಯ ನವೆಂಬರಿನಲ್ಲಿ ತೀರ್ಮಾನವಾಗುತ್ತದೆ. ಆದ ಮೇಲೆ ಖಂಡಿತ ಬರುತ್ತೇನೆ.

ತಮ್ಮ


ಸೆಪ್ಟೆಂಬರ್ 18

ಬುಗುರಿ ಅಂತ ಬರೆಯಲು ಕೈ ಏಳುತ್ತಿಲ್ಲ.

ಇವತ್ತು ಬೆಳಿಗ್ಗೆ ಗ್ರಂಥಾಲಯದಾಕೆ ಉಗ್ರಾಣದವರೆಗೂ ಓಡಿ ಬಂದಳು. "ಮೇಡಂ, ನಿಮ್ಮ ತಮ್ಮಂದು ಲೇಖನ ಬಂದಿದೆ, ಮೊದಲ್ನೇ ಹೆಸರೇ ಅವ್ರದ್ದು! ನಮಗೆ ಒಂದ್ ಮಾತೂ ಹೇಳ್ಲಿಲ್ಲವಲ್ಲ ನೀವು!" ಅಂತ ವಿಜ್ಞಾನ ಪತ್ರಿಕೆಯನ್ನು ನನ್ನ ಕೈಗೆ ತುರುಕಿದಳು. ಮುಖಪುಟದ ಮೇಲೆ ಅಂಗೈ ಅಗಲದ ಚಿತ್ರ. ಮೂರು ಮೆಟ್ಟಿಲು. ಎಡಗಡೆ ಮೂಲೆ ಮುರಿದಿದೆ.

ನನ್ನ ಚಿಮಟ ಜಾರಿದ ಗುರುತು ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಅಥವಾ ಉಗ್ರಾಣದಲ್ಲಿರುವವಳು ಪತ್ರಿಕೆ ಯಾಕೆ ನೋಡುತ್ತಾಳೆ ಅಂದುಕೊಂಡೆಯಾ?

ಗಾಜಿನ ಡಬ್ಬಗಳ ನಡುವೆ ಸ್ಟೂಲಿನ ಮೇಲೆ ಕೂತು ಪೂರ್ತಿ ಓದಿದೆ. ಅಲೆ ಬಂದಿದೆ. ಎಷ್ಟು ದೊಡ್ಡ ಅಲೆ! ಕಾಂತದ ಬಲ ಅಷ್ಟು ಕಡಿಮೆ ಇದ್ದಾಗಲೇ ಬಂದದ್ದು ಬೆರಗು ಹುಟ್ಟಿಸುತ್ತದೆ ಅಂತ ಬರೆದಿದ್ದೀರಿ. ಮಾರ್ಚ್ ಹದಿನೇಳರ ಅಳತೆ. ನನಗೆ ವರದಿ ಬರೆದದ್ದು ಏಪ್ರಿಲ್ ಒಂಬತ್ತಕ್ಕೆ. ನಡುವೆ ಇಪ್ಪತ್ತಮೂರು ದಿನ. ಕಡೆಯ ಪುಟದಲ್ಲಿ, "ಹರಳುಗಳನ್ನು ನಮ್ಮ ಪ್ರಯೋಗಾಲಯದ ಹೊಸ ಕುಲುಮೆಯಲ್ಲಿ ಬೆಳೆಸಲಾಯಿತು." ಆ ಅಲಮಾರಿಯಲ್ಲಿ!

ಹೆಸರು ಹಾಕಲಿಲ್ಲ ಅಂತ ನನಗೆ ಹೊಟ್ಟೆ ಉರಿದಿಲ್ಲ. ನಂಬು ಬಿಡು, ನಿನ್ನಿಷ್ಟ. ಕೇಳಿದ್ದರೆ, "ಅಕ್ಕಾ, ನನ್ನ ಕೆಲಸಕ್ಕೆ ಬೇಕು, ನಿನ್ನ ಹರಳು ನಮ್ಮದು ಅಂತ ಹೇಳ್ಕೋತೀನಿ" ಅಂದಿದ್ದರೆ, ನಾಲ್ಕು ಬೈದು ಆಗಲಿ ಅಂದುಬಿಡುತ್ತಿದ್ದೆ. ನೀನು ಹಾಗೆ ಮಾಡಲಿಲ್ಲ. ನನ್ನ ಹರಳು ಕೊಳಕು ಅಂದೆ. ನನ್ನ ಕುಲುಮೆಯನ್ನು ನಿನ್ನ ಕೈಯಾರೆ ಬಿಚ್ಚಿಸಿದೆ. ಐದು ತಿಂಗಳು ನಾನು ನನ್ನ ಕೈಯನ್ನೇ ಅನುಮಾನಿಸುತ್ತಾ ಕೂತಿದ್ದೆ, ನೀನು ನೋಡುತ್ತಾ ಕೂತೆ. "ಬೆಂಕಿ ಇಲ್ಲ, ಹೊಗೆ ಇಲ್ಲ" ಅಂತ ಬರೆದೆಯಲ್ಲೋ, ಯಾವ ಬಾಯಲ್ಲಿ ಬರೆದೆ?

ಮೂರು ಪ್ರಶ್ನೆ ಕೇಳುತ್ತೇನೆ. ಈ ಸಲವಾದರೂ ನಿಜ ಹೇಳು.

ಸುಂದರಿಯನ್ನು ತಣಿಸುವಾಗ ಮೂರು ಪಾಯಿಂಟ್ ಏಳು ಡಿಗ್ರಿಯ ಹತ್ತಿರ ಏನಾದರೂ ಕಂಡಿತ್ತಾ, ನಿಮ್ಮ ಗ್ರಾಫಿನಲ್ಲಿ ಸಣ್ಣದೊಂದು ಮೆಟ್ಟಿಲಿನ ಹಾಗೆ? ನನ್ನ ಮಡಿಕೆಗಳು ಎಲ್ಲಿವೆ? ಮಿಕ್ಕ ಆರು ಹರಳು ಏನಾದವು?

ಅಕ್ಕ


ಸೆಪ್ಟೆಂಬರ್ 29

ಅಕ್ಕಾ,

ನಿನ್ನ ಕಾಗದ ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಸುಳ್ಳು ಹೇಳುವ ಮುಖ ನನಗೆ ಉಳಿದಿಲ್ಲ.

ಅವತ್ತು ಮಧ್ಯಾಹ್ನ ಅಲೆ ಬಂದಾಗ ನಾನು ಕುರ್ಚಿಯಿಂದ ಎದ್ದು ಕುಣಿದೆ. ನಿನಗೆ ಫೋನ್ ಮಾಡಬೇಕು ಅಂತಲೇ ಬಾಗಿಲ ಕಡೆ ತಿರುಗಿದೆ. ದೊಡ್ಡವರು ಹಿಂದೆಯೇ ನಿಂತಿದ್ದರು. ಪರದೆ ನೋಡುತ್ತಾ, "ಇದು ನಮ್ಮ ಕುಲುಮೆದಾ?" ಅಂದರು. ಅವರ ಮುಖದಲ್ಲಿ ಅಷ್ಟು ಆಸೆ ಇತ್ತು ಅಕ್ಕಾ. ನನ್ನ ಬಾಯಿಂದ "ಹೌದು ಸರ್" ಅಂತ ಬಂದುಬಿಟ್ಟಿತು. ಅಷ್ಟೆ. ಆ ಎರಡು ಶಬ್ದ ವಾಪಸು ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ಆಮೇಲೆ ಅದಕ್ಕೆ ತಕ್ಕ ಹಾಗೆ ಒಂದೊಂದಾಗಿ ಮಾಡುತ್ತಾ ಹೋದೆ. ನಿನ್ನ ಹರಳಿನಲ್ಲಿ ಅಲೆ ಬಂತು ಅಂದರೆ ನೀನು ಸಮಿತಿಗೆ ಹೇಳುತ್ತೀಯ, ನಿಮ್ಮವರು ಲೇಖನ ಬರೆಯುತ್ತಾರೆ, ಎಲ್ಲ ಬಯಲಾಗುತ್ತದೆ. ಅದಕ್ಕೇ ಆ ವರದಿ. ಹೇಗಿದ್ದರೂ ನಿಮ್ಮವರು ಕುಲುಮೆ ಮುಚ್ಚಲು ನೆಪ ಹುಡುಕುತ್ತಿದ್ದರು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಯಂ ಆದ ಮೇಲೆ ನಿನ್ನ ಮುಂದೆ ಬಂದು ಎಲ್ಲ ಹೇಳಬೇಕು ಅಂತಲೇ ಇದ್ದೆ.

ನಿನ್ನ ಪ್ರಶ್ನೆಗಳು. ಮೆಟ್ಟಿಲು ಇತ್ತು, ಸರಿಯಾಗಿ ಮೂರು ಪಾಯಿಂಟ್ ಏಳಕ್ಕೆ, ಸಣ್ಣದು. ಥರ್ಮಾಮೀಟರಿನ ಕಿತಾಪತಿ ಅಂದುಕೊಂಡು ಬಿಟ್ಟೆವು. ನಿನಗೆ ಹೇಗೆ ಗೊತ್ತಾಯಿತು?

ಮಡಿಕೆಗಳನ್ನು ಅವತ್ತು ಸಂಜೆಯೇ ಕಸದ ಬುಟ್ಟಿಗೆ ಹಾಕಿದೆ. ನಿನ್ನ ಅಕ್ಷರ ನನ್ನ ಡ್ರಾಯರಿನಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಅಂತ ಭಯವಾಯಿತು. ಓದಿರಲಿಲ್ಲ. ಓದೋಣ ಓದೋಣ ಅಂತ ಹಾಗೇ ಉಳಿದಿತ್ತು.

ಆರು ಹರಳನ್ನು ಅಂಟಿಸುವ ಅಭ್ಯಾಸಕ್ಕೆ ಬಳಸಿದೆ. ಆ ಪಟ್ಟಿಯ ತುದಿಗೆ ಹರಳು ಕೂರಿಸುವುದು ಕಷ್ಟದ ಕೆಲಸ, ಸುಂದರಿಯನ್ನು ಕೆಡಿಸಿಬಿಡುತ್ತೇನೋ ಅಂತ ಮೊದಲು ಸಣ್ಣವುಗಳ ಮೇಲೆ ಕೈ ಪಳಗಿಸಿಕೊಂಡೆ. ಮೂರು ಮುರಿದವು, ಎರಡು ಅಂಟಿನಲ್ಲಿ ಮುಳುಗಿ ಹೋದವು. ಒಂದರ ವಿಷಯ ನೆನಪಿಲ್ಲ.

ಕಾಲಿಗೆ ಬೀಳುತ್ತೇನೆ ಅಕ್ಕಾ. ಈ ಒಂದು ಸಲ ಹೊಟ್ಟೆಗೆ ಹಾಕಿಕೊ.

ಬುಗುರಿ


ಅಕ್ಟೋಬರ್ 8

ನೀನು ಓದದ ಮಡಿಕೆಯಲ್ಲಿ ಏನಿತ್ತು ಅಂತ ಈಗ ಓದು. ನೋಟ್‌ಬುಕ್ಕಿನಿಂದ ಇದ್ದದ್ದು ಇದ್ದ ಹಾಗೆ ನಕಲು ಮಾಡುತ್ತಿದ್ದೇನೆ.

"ಏಳು. ಫೆಬ್ರವರಿ 3ರಂದು ಎರಡಾಗಿ ಸೀಳಿದಾಗ ಒಳಗೆ ತವರದ ಎಳೆ ಕಂಡಿತು. ಇದನ್ನು ಅಳೆಯಬೇಡ, ಅಳೆದರೆ ತವರದ್ದೇ ಅಲೆ ಬರುತ್ತದೆ. ಅಂಟಿಸುವ ಅಭ್ಯಾಸಕ್ಕೆ ಮಾತ್ರ ಕಳಿಸಿದ್ದೇನೆ. ಈ ಸುಂದರಿಯ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಆ ಆರನ್ನು ಮುಟ್ಟು, ಬುಗುರಿ."

ಓದಿದೆಯಾ? ಇನ್ನೊಂದು ಸಲ ಓದು.

ತವರ ಸರಿಯಾಗಿ ಮೂರು ಪಾಯಿಂಟ್ ಏಳು ಡಿಗ್ರಿಗೆ ಅತಿವಾಹಕ ಆಗುತ್ತದೆ. ಕುಲುಮೆಯ ಮುಂದೆ ಕೂತವಳಿಗೆ ಗೊತ್ತಿರುವ ವಿಷಯ ನಿಮ್ಮ ಕಾಂತದ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಾ? ಹೊಳೆಯುತ್ತಿತ್ತು. ನಿಮ್ಮ ಕುಲುಮೆಯಲ್ಲಿ ತವರವನ್ನೇ ಬಳಸುವುದಿಲ್ಲ, ಆದ್ದರಿಂದ ತವರ ಎಲ್ಲಿಂದ ಬರಬೇಕು ಅಂತ ಯಾರೂ ಹುಡುಕಲಿಲ್ಲ. ಹರಳು ನನ್ನದು ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಯಾರಾದರೊಬ್ಬರು, "ತವರ ನೋಡಿದ್ಯೇನಯ್ಯಾ?" ಅಂತ ಕೇಳುತ್ತಿದ್ದರು. ನೀನು ನನ್ನ ಹೆಸರು ಒರೆಸಿದೆ, ಜೊತೆಗೆ ತವರವೂ ಒರೆಸಿಹೋಯಿತು.

ನಿನ್ನ ಸುಳ್ಳಿಗಿಂತ ಹೆಚ್ಚು ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಆರರ ವಿಷಯ ಓದಿದಾಗ. ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಹೊರಬಂದ ಒಳ್ಳೆಯ ಹರಳು ಆ ಆರೇ ಆರು. ಅವುಗಳ ಮೇಲೆ ನೀನು ಅಂಟು ಹಚ್ಚುವುದು ಕಲಿತೆ. ಕೆಲಸಕ್ಕೆ ಬಾರದ್ದನ್ನು ಕಾಂತದೊಳಗಿಟ್ಟು ಮೆರೆಸಿದೆ, ಕೆಲಸದ್ದನ್ನು ಕಸಕ್ಕೆ ಹಾಕಿದೆ. ಇನ್ನು ಬೆಳೆಸೋಣವೆಂದರೆ ಕುಲುಮೆ ಎಲ್ಲಿದೆ? ಎರಡು ಇಟ್ಟಿಗೆ ಇದೆ ಬಾಗಿಲ ಹತ್ತಿರ.

ಈ ತಿಂಗಳು ಮೂವತ್ತೊಂದರವರೆಗೆ ನೋಡುತ್ತೇನೆ. ಆ ಅಲೆ ತವರದ್ದು, ಹರಳು ನಮ್ಮ ಕುಲುಮೆಯದ್ದಲ್ಲ ಅಂತ ನೀನೇ ಪತ್ರಿಕೆಗೆ ಬರೆ. ನಿನ್ನ ಕೈಯಿಂದಲೇ ಹೋಗಲಿ. ಅಕ್ಕ ಅಂತ ನನ್ನಿಂದ ಇನ್ನು ಆಗುವುದು ಇಷ್ಟೇ.

ಅಕ್ಕ


ಅಕ್ಟೋಬರ್ 21

ಅಕ್ಕಾ,

ತವರದ ಅಲೆಗಳ ಕೋಷ್ಟಕ ತೆಗೆದು ನಮ್ಮದರ ಪಕ್ಕ ಇಟ್ಟು ನೋಡಿದೆ. ಒಂದು ಕೂದಲೂ ಆಚೀಚೆ ಇಲ್ಲ. ನೀನು ಹೇಳಿದ್ದೇ ಸರಿ. ಆ ಹಾಳೆಯನ್ನು ಹರಿದು ಹಾಕಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಸಿಟ್ಟಾಗದೆ ಕೇಳು. ಈಗ ಇದು ಗೊತ್ತಿರುವುದು ನಿನಗೆ, ನನಗೆ, ಇಬ್ಬರಿಗೇ. ನವೆಂಬರ್ ಹದಿನೈದಕ್ಕೆ ನನ್ನ ಕೆಲಸದ ತೀರ್ಮಾನ. ಅದಾಗುವವರೆಗೆ ಮೂರೇ ವಾರ ಸುಮ್ಮನಿರು. ಆಮೇಲೆ ಮುಂದಿನ ಲೇಖನದಲ್ಲಿ ನಾನೇ ಮೆಲ್ಲಗೆ ಸರಿಪಡಿಸುತ್ತೇನೆ. ನಿನ್ನ ಹೆಸರನ್ನೂ ಸೇರಿಸುತ್ತೇನೆ, ಬೇಕಾದರೆ ಮೊದಲನೆಯದಾಗಿ. ಬೀದಿಗೆ ಬಿದ್ದರೆ ನನ್ನೊಬ್ಬನ ಮಾನ ಹೋಗುವುದಿಲ್ಲ, ಅಮ್ಮನ ಬಗ್ಗೆಯೂ ಯೋಚನೆ ಮಾಡು. ಈ ವಯಸ್ಸಿನಲ್ಲಿ ಅವಳಿಗೆ ಇದೆಲ್ಲ ಬೇಕಾ?

ಇನ್ನೊಂದು ವಿಷಯ. ಇದನ್ನು ಕೇಳಿದರೆ ನಿನಗೆ ಸಂತೋಷವಾಗುತ್ತದೆ. ನೆನಪಿಲ್ಲ ಅಂದಿದ್ದೆನಲ್ಲ, ಆ ಒಂದು ಹರಳು ಸಿಕ್ಕಿತು. ನಾಲ್ಕನೆಯದು. ಹಳೆಯ ಪಟ್ಟಿಯೊಂದರ ತುದಿಯಲ್ಲಿ ಅಂಟಿಕೊಂಡೇ ಇತ್ತು. ಮೊನ್ನೆ ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಕಾಂತಕ್ಕಿಳಿಸಿದೆ. ಕಾಂತದ ಬಲವನ್ನು ಪೂರ್ತಿ ಏರಿಸಿದೆ. ಅಲೆ ಬಂತು ಅಕ್ಕಾ. ಚಿಕ್ಕದು, ಆದರೆ ಅಚ್ಚುಕಟ್ಟು. ತವರದ್ದಲ್ಲ, ನನಗೆ ಗೊತ್ತಿರುವ ಯಾವ ಲೋಹದ್ದೂ ಅಲ್ಲ. ನಿನ್ನ ಹರಳು ಶುದ್ಧ. ಅಷ್ಟು ಶುದ್ಧವಾದ್ದನ್ನು ನಾನು ನೋಡಿಲ್ಲ.

ಆ ಅಲೆಯ ಹಾಳೆ, ಆ ಹರಳು ಎರಡೂ ನನ್ನ ಹತ್ತಿರ ಭದ್ರವಾಗಿವೆ. ನವೆಂಬರ್ ಹದಿನೈದು ಕಳೆದ ಮಾರನೇ ದಿನವೇ ನಿನಗೆ ಕಳಿಸುತ್ತೇನೆ. ಅದನ್ನು ನಿಮ್ಮ ನಿರ್ದೇಶಕರಿಗೆ ತೋರಿಸು, ಕುಲುಮೆ ತಾನಾಗಿ ವಾಪಸು ಬರುತ್ತದೆ. ಅದಕ್ಕೆ ಮುಂಚೆ ನೀನು ಅವಸರಪಟ್ಟು ಪತ್ರಿಕೆಗೆ ಬರೆದರೆ, ಇಲ್ಲಿ ಎಲ್ಲ ಜಪ್ತಿಯಾಗುತ್ತದೆ, ಹರಳು ಎಲ್ಲಿ ಹೋಗುತ್ತದೋ ಹಾಳೆ ಎಲ್ಲಿ ಹೋಗುತ್ತದೋ ನಾನು ಹೇಳಲಾರೆ. ಇದರಲ್ಲಿ ಇಬ್ಬರಿಗೂ ಒಳ್ಳೆಯದಿದೆ. ಯೋಚನೆ ಮಾಡು.

ನಿನ್ನ ಬುಗುರಿ


(ಬೆಣ್ಣೆ ಕಾಗದದ ಮಡಿಕೆಯ ಒಳಮೈಯಲ್ಲಿ, ಪೆನ್ಸಿಲಿನಲ್ಲಿ)

ನವೆಂಬರ್ 1

ಏಳು, ಉಳಿದ ಅರ್ಧ. ಫೆಬ್ರವರಿಯಿಂದ ನನ್ನ ಹತ್ತಿರವೇ ಇತ್ತು. ಸಾಣೆ ಹಿಡಿಸಿದೆ. ನಡುವೆ ಬೆಳ್ಳಗೆ ಎಳೆಯಾಗಿ ಕಾಣುವುದು ತವರ, ಕಣ್ಣಿಗೇ ಕಾಣುತ್ತದೆ, ಕಾಂತ ಬೇಡ.

ಇದರ ಫೋಟೋ, ನೋಟ್‌ಬುಕ್ಕಿನ ಹಾಳೆ, ನಿನ್ನ ಸೆಪ್ಟೆಂಬರಿನ ಕಾಗದ, ಅಕ್ಟೋಬರಿನ ಕಾಗದ, ಎಲ್ಲದರ ಒಂದೊಂದು ಪ್ರತಿ ಇವತ್ತು ಬೆಳಿಗ್ಗೆ ಪತ್ರಿಕೆಯವರಿಗೆ ಹೋಯಿತು. ಇನ್ನೊಂದು ನಿಮ್ಮ ದೊಡ್ಡವರಿಗೆ. ಅಂಚೆ ಕಚೇರಿಗೆ ಅಮ್ಮನೂ ಬಂದಿದ್ದಳು. ದಾರಿಯಲ್ಲಿ ಎಲ್ಲ ಹೇಳಿದೆ, ನನ್ನ ಬಡ್ತಿಯ ಸುಳ್ಳನ್ನೂ ಸೇರಿಸಿ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವನು ನಿನ್ನ ಕೇಳಿದ್ದಿದ್ರೆ ಕೊಡ್ತಿದ್ದೆಯಲ್ಲೇ" ಅಂದಳು. ಸ್ಟಾಂಪು ಅವಳೇ ಹಚ್ಚಿದಳು.

ನಾಲ್ಕನೆಯದರ ಬಗ್ಗೆ. ಕಾಗದವನ್ನು ಹತ್ತು ಸಲ ಓದಿದೆ. "ನಿನ್ನ ಹರಳು ಶುದ್ಧ" ಅನ್ನುವ ಮಾತನ್ನು ಯಾರಾದರೂ ಹೇಳಲಿ ಅಂತ ಹನ್ನೊಂದು ವರ್ಷ ಕಾದಿದ್ದೆ. ಕಡೆಗೂ ಒಬ್ಬ ಹೇಳಿದ. ಅವನು ನೀನು. ಅಲೆ ನಿಜವಾಗಿ ಬಂತೋ, ಅಥವಾ ನನ್ನ ಬಾಯಿಗೆ ಬೀಗ ಹಾಕಲು ಹೇಳಿದ್ದೋ, ತಿಳಿದುಕೊಳ್ಳಲು ನನಗೆ ದಾರಿಯೇ ಇಲ್ಲ. ಬೇರೆ ಯಾರ ಮಾತಾದರೂ ನಂಬುತ್ತಿದ್ದೆ.

ಈ ಹರಳಿನ ಜೊತೆ ಕಾಗದ ಇಲ್ಲ. ಇನ್ನು ಮೇಲೆ ಇರುವುದಿಲ್ಲ.